ಇಂದಿರಮ್ಮನ ಅಂಗೀಠಿ

ಸಂಕ್ರಾಂತಿಗೆ ಎರಡು ದಿನ ಇರುವಾಗಲೇ ಸೂರ್ಯನಾರಾಯಣರು ಸೊಸೆಗೆ ಮಾತು ಕೊಟ್ಟುಬಿಟ್ಟಿದ್ದರು. "ಹುಗ್ಗಿ, ಹೋಳಿಗೆ ಏನು ಬೇಕಾದ್ರೂ ನೀನು ಮಾಡ್ಕೋ ಹರಿಣಿ. ಸುಟ್ಟ ಗೆಣಸಿನ ಪಲ್ಯ ಮಾತ್ರ ನಂದು."

ಹರಿಣಿ ನಗಲಿಲ್ಲ, ಪುಣ್ಯಕ್ಕೆ. ಅವಳು ದೆಹಲಿಯ ಜನಕಪುರಿಯ ಈ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಮಾವ ಒಂದು ಲೋಟ ನೀರು ಕಾಯಿಸಿದ್ದನ್ನೂ ಕಂಡಿರಲಿಲ್ಲ.

ಆ ಪಲ್ಯ ಇಂದಿರಮ್ಮನದು. ಸೂರ್ಯನಾರಾಯಣರ ಹೆಂಡತಿ ಇಂದಿರಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಹೋದ ಸಂಕ್ರಾಂತಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಮನೆಯಲ್ಲಿ ಹಬ್ಬವೇ ಇಲ್ಲ. ಈ ಸಲದ್ದು ಅವಳಿಲ್ಲದ ಮೊದಲ ಹಬ್ಬ. ಎಲೆಯ ಮೇಲೆ ಅವಳ ರುಚಿ ಒಂದಾದರೂ ಬೀಳದಿದ್ದರೆ ತಾನು ಊಟಕ್ಕೆ ಕೂರುವುದಾದರೂ ಹೇಗೆ ಎಂಬುದು ಮುದುಕರ ಸಂಕಟ.

ತಿಪಟೂರಿನಿಂದ ಮದುವೆಯಾಗಿ ದೆಹಲಿಗೆ ಬಂದಾಗ ಇಂದಿರಮ್ಮನಿಗೆ ಬರುತ್ತಿದ್ದ ಹಿಂದಿ ಎರಡೇ ಮಾತು, ಎಷ್ಟು ಎನ್ನಲು 'ಕಿತನಾ', ಇಲ್ಲ ಎನ್ನಲು 'ನಹೀ'. ಅಷ್ಟರಲ್ಲೇ ಬೀದಿಯ ತರಕಾರಿಯವರನ್ನೆಲ್ಲ ಮಣಿಸಿದ ಹೆಂಗಸು. ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್, ಶಿಸ್ತಿನ ಮನುಷ್ಯ. ಶಿಸ್ತು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ನಿಜ ಹೇಳಬೇಕೆಂದರೆ ಶುದ್ಧ ಹಟಮಾರಿ. ಬೀದಿಯಲ್ಲಿ ಮಾರುವುದನ್ನು ತಾವೂ ಬಾಯಿಗೆ ಹಾಕರು, ಮನೆಯವರಿಗೂ ಹಾಕಗೊಡರು. "ಅವನ ಕೈ ನೋಡಿದ್ಯಾ?" ಎಂಬ ಒಂದೇ ಪ್ರಶ್ನೆಯಲ್ಲಿ ಎಂಥ ಆಸೆಯನ್ನೂ ಆರಿಸಿಬಿಡುತ್ತಿದ್ದರು. ಹೊಸ ಹೆಂಡತಿ ಗೋಲ್‌ಗಪ್ಪೆ ಗಾಡಿಯತ್ತ ಒಮ್ಮೆ ತಿರುಗಿ ನೋಡಿದ್ದಕ್ಕೆ, ಬಸ್ ಸ್ಟಾಪಿನಿಂದ ಮನೆಯವರೆಗೂ ಟೈಫಾಯಿಡ್ ಬಗ್ಗೆ ಭಾಷಣ ಮಾಡಿದ್ದರಂತೆ. ಇಂದಿರಮ್ಮ ಆ ಭಾಷಣವನ್ನು ಸೊಸೆಗೆ, ಮೊಮ್ಮಗಳಿಗೆ ನಟಿಸಿ ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದರು.

ಊರಿನಲ್ಲಿ ಸಂಕ್ರಾಂತಿಗೆ ಗೆಣಸು ಬೇಯಿಸುತ್ತಾರೆ. ಇಂದಿರಮ್ಮ ಮಾತ್ರ ಸುಡುತ್ತಿದ್ದರು. ಸುಟ್ಟು, ಸಿಪ್ಪೆ ಸುಲಿದು, ತುಂಡು ಮಾಡಿ, ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿ ಅರ್ಧ ನಿಂಬೆಹಣ್ಣು ಹಿಂಡಿದರೆ ಆಯಿತು. ಮೊದಲು ಸಿಹಿ, ಹಿಂದೆಯೇ ಖಾರ, ಕೊನೆಗೆ ಸಣ್ಣಗೆ ಹೊಗೆಯ ಘಮ. "ಎಲ್ಲಿ ಸುಟ್ಟೆ?" ಎಂದು ಗಂಡ ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಮಹಡಿ ಮೇಲೆ, ಅಂಗೀಠಿಯಲ್ಲಿ." ದೆಹಲಿಯ ಚಳಿಗೆ ಮನೆಮನೆಯಲ್ಲೂ ಇರುತ್ತಿದ್ದ ಕೆಂಡದ ಒಲೆ ಅದು, ನಂಬದಿರಲು ಕಾರಣವಿರಲಿಲ್ಲ. ಹತ್ತಿ ನೋಡಲು ಸೂರ್ಯನಾರಾಯಣರಿಗೆ ಆಗ ಆಫೀಸಿನ ಆತುರ, ಆಮೇಲೆ ಮಂಡಿನೋವು.

ಹಬ್ಬದ ಬೆಳಿಗ್ಗೆ ಅವರು ಸ್ನಾನ ಮಾಡಿ, ರೇಷ್ಮೆ ಪಂಚೆಯ ಮೇಲೆ ಸ್ವೆಟರು, ತಲೆಗೆ ಮಂಕಿಟೋಪಿ ಏರಿಸಿ ಗ್ಯಾಸ್ ಒಲೆಯ ಮುಂದೆ ನಿಂತರು. ಮೊದಲ ಗೆಣಸು ಹೊರಗೆ ಇದ್ದಿಲು, ಒಳಗೆ ಹಸಿ. ಎರಡನೆಯದೂ ಅಷ್ಟೇ. ಮೂರನೆಯದು ಹೇಗೋ ಬೆಂದಿತು. ಹತ್ತು ವರ್ಷದ ಮೊಮ್ಮಗಳು ಸಿಂಧೂರ ಚೂರು ಬಾಯಿಗಿಟ್ಟುಕೊಂಡು ಮುಖ ಕಿವುಚಿದಳು. "ತಾತಾ, ಇದರಲ್ಲಿ ಗ್ಯಾಸ್ ಕೀ ಸ್ಮೆಲ್ ಇದೆ. ಅಜ್ಜಿದು ಹೀಗೆ ಇರ್ಲಿಲ್ಲ."

ಅಂಗೀಠಿಯೇ ಬೇಕು, ಸರಿ. ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ "ಅಯ್ಯೋ ರಾಮ" ಎನ್ನುತ್ತ ಅವರು ಮಹಡಿ ಹತ್ತಿದರು. ಅಲ್ಲಿ ಮಂಜು, ನೀರಿನ ಟ್ಯಾಂಕು, ಒಣಗಿದ ತುಳಸಿ ಕುಂಡ. ಅಂಗೀಠಿಯಿರಲಿ, ಒಂದು ಹಿಡಿ ಬೂದಿಯ ಗುರುತೂ ಇಲ್ಲ.

"ಅದು ಇಲ್ಲಿಲ್ಲ ತಾತಾ," ಹಿಂದೆಯೇ ಹತ್ತಿ ಬಂದಿದ್ದ ಸಿಂಧೂರ ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು.

"ಮತ್ತೆಲ್ಲಿದೆ?"

"ಅಜ್ಜಿಗೆ ಪ್ರಾಮಿಸ್ ಮಾಡಿದೀನಿ."

"ಅಜ್ಜಿಯ ಪಲ್ಯ ಮಾಡೋಕೇ ಕೇಳ್ತಿರೋದು ಪುಟ್ಟಿ."

"ಗುಸ್ಸಾ ಮಾಡಲ್ಲ, ಬೈಯಲ್ಲ ಅಲ್ವಾ? ಪಕ್ಕಾ?"

"ಪಕ್ಕಾ."

"ಅಚ್ಛಾ, ಹಾಗಾದ್ರೆ ಗೆಣಸು ಡಬ್ಬಿಗೆ ಹಾಕ್ಕೊಳ್ಳಿ. ಚಲೋ."

ಅವಳು ಕರೆದೊಯ್ದದ್ದು ಮಾರ್ಕೆಟ್ಟಿನ ಮೂಲೆಯ ಬೇವಿನ ಮರದ ಕೆಳಗೆ. ಅಲ್ಲೊಂದು ತಳ್ಳುಗಾಡಿ, ಅದರ ಮೇಲೆ ಕಬ್ಬಿಣದ ಬಾಂಡಲೆ ತುಂಬ ಕೆಂಡ, ಕೆಂಡದ ಸುತ್ತ ಒಪ್ಪವಾಗಿ ಜೋಡಿಸಿದ ಗೆಣಸು. ಬಿಳಿಮೀಸೆಯ ಮುದುಕನೊಬ್ಬ ಬೀಸಣಿಗೆ ಹಾಕುತ್ತಿದ್ದ. ಸಿಂಧೂರಳನ್ನು ಕಂಡದ್ದೇ ಅವನ ಮುಖ ಅರಳಿತು. "ಅರೇ! ಗೆಣಸಮ್ಮಾ ಕೀ ಪೋತೀ!"

ದೆಹಲಿಯ ಬೀದಿಯಲ್ಲಿ, ಆ ಮೀಸೆಯ ಕೆಳಗಿನಿಂದ 'ಗೆಣಸು' ಎಂಬ ಕನ್ನಡ ಮಾತು ಬಂದದ್ದು ಕೇಳಿ ಸೂರ್ಯನಾರಾಯಣರು ಬೆಚ್ಚಿದರು. ಯಾರು ಈ ಗೆಣಸಮ್ಮ, ಸಿಂಧೂರ ಅವಳ ಮೊಮ್ಮಗಳು ಹೇಗಾದಳು?

ಗಾಡಿಯ ಭಯ್ಯಾ ತನ್ನ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ. ನಲವತ್ತು ವರ್ಷದ ಹಿಂದೆ ಒಬ್ಬ ಹೊಸ ಹುಡುಗಿ ಸ್ಟೀಲ್ ಡಬ್ಬಿ ಹಿಡಿದು ಬಂದು ನಿಂತಳಂತೆ. ಗೆಣಸಿಗೆ 'ಶಕರಕಂದಿ' ಅನ್ನಲು ಬಾರದು. ಡಬ್ಬಿ ತೋರಿಸಿ "ಗೆಣಸು, ಗೆಣಸು" ಅಂದಳಂತೆ. ಇವನು ಅದು ಅವಳ ಹೆಸರೆಂದುಕೊಂಡ! ಆಮೇಲೆ ತಿಳಿದರೂ ಹೆಸರು ಹಾಗೇ ಉಳಿಯಿತು. "ಸಾಹೇಬ್ರು ಬೀದಿಯದ್ದು ತಿನ್ನೋದಿಲ್ಲ ಅಂತ ಗೆಣಸು ಮನೆಯಿಂದ್ಲೇ ತೊಳ್ಕೊಂಡು ತರೋರು ಬಾಬೂಜಿ. ಕೆಂಡ ಮಾತ್ರ ನಂದು. ಅದು ಬೇಯೋವರೆಗೂ ಈ ಸ್ಟೂಲ್ ಮೇಲೆ ಕೂತು, ನಿಂಬೆ, ಮಸಾಲೆ ಹಾಕಿಸ್ಕೊಂಡು ಒಂದು ಪ್ಲೇಟ್ ತಿನ್ನೋರು. ಮುಂದಿನ ವರ್ಷ ಸಾಹೇಬ್ರನ್ನೂ ಕರ್ಕೊಂಡು ಬರ್ತೀನಿ ಅಂತ ಪ್ರತಿ ಸಲ ಹೇಳೋರು. ಎರಡು ವರ್ಷದಿಂದ ಕಾಣ್ಲಿಲ್ಲ. ಊರಿಗೆ ಹೋದ್ರಾ?"

"ನಹೀ ರಹೀ," ಅವಳು ಈಗಿಲ್ಲ ಎಂದರು ಸೂರ್ಯನಾರಾಯಣರು.

ಭಯ್ಯಾನ ಬೀಸಣಿಗೆ ನಿಂತಿತು. ಅವನು ಹೆಗಲ ವಸ್ತ್ರದಿಂದ ಸ್ಟೂಲು ಒರೆಸಿದ.

ಮೊದಲು ಅವರಿಗೆ ಸಿಟ್ಟೇ ಬಂತು, ಸುಳ್ಳೇಕೆ? ನಲವತ್ತು ವರ್ಷ ಕಣ್ಣಿಗೆ ಮಣ್ಣೆರಚಿದಳಲ್ಲ! ಆದರೆ ಆ ಸ್ಟೂಲು ನೋಡುತ್ತ ನೋಡುತ್ತ ಸಿಟ್ಟು ಕರಗಿತು. ಎಷ್ಟು ಆಸೆಯಿಂದ ತಿಂದಿರುತ್ತಾಳೋ, ಎಷ್ಟು ಹೆದರಿ ಬಾಯಿ ಒರೆಸಿಕೊಂಡು ಮನೆಗೆ ಬಂದಿರುತ್ತಾಳೋ. ಒಂದೇ ಒಂದು ಸಲ ತಾನೇ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ತನ್ನ ಗಂಟೇನು ಹೋಗುತ್ತಿತ್ತು? ಅವರ ಕಣ್ಣು ತುಂಬಿ ಬಂತು.

ತಮ್ಮ ಡಬ್ಬಿಯ ಗೆಣಸನ್ನು ಕೆಂಡಕ್ಕೆ ಕೊಟ್ಟು, ರೇಷ್ಮೆ ಪಂಚೆ ಎತ್ತಿಕಟ್ಟಿ ಅವರು ಆ ಸ್ಟೂಲಿನ ಮೇಲೆ ಕೂತೇಬಿಟ್ಟರು. "ಏಕ್ ಪ್ಲೇಟ್ ಲಗಾವೋ ಭಯ್ಯಾ. ನಿಂಬೂ ಜಾಸ್ತಿ."

ಸಿಂಧೂರ ಅವರ ಕಿವಿಯ ಹತ್ತಿರ ಬಾಗಿ, ಅಜ್ಜಿ ನಟಿಸುತ್ತಿದ್ದ ಅದೇ ರಾಗದಲ್ಲಿ ಕೇಳಿದಳು. "ಅವನ ಕೈ ನೋಡಿದ್ಯಾ?"

ಸೂರ್ಯನಾರಾಯಣರು ನೋಡಿದರು. ಮಸಿ ಹಿಡಿದ, ಅಲ್ಲಲ್ಲಿ ಸುಟ್ಟ ಕಲೆಯ ಕೈ. "ನೋಡಿದೆ ಕಣೇ. ತಿನ್ನು ನೀನು," ಅಂದರು.

ಮಧ್ಯಾಹ್ನ ಎಲೆ ಹಾಕಿದಾಗ ಒಗ್ಗರಣೆಯ ಸಾಸಿವೆ ಸ್ವಲ್ಪ ಸೀದಿತ್ತು, ಉಪ್ಪು ಒಂದು ಕಲ್ಲು ಮುಂದಿತ್ತು. ಆದರೂ ಪಲ್ಯದ ಮೊದಲ ತುತ್ತಿಗೇ ಹರಿಣಿಯ ಕೈ ಎಲೆಯ ಮೇಲೆ ನಿಂತಿತು. "ಅತ್ತೆ ಮಾಡ್ತಿದ್ದದ್ದೇ ಇದು! ಎಲ್ಲಿ ಸುಟ್ರಿ ಮಾವ?"

ಸಿಂಧೂರ ಉಸಿರು ಬಿಗಿಹಿಡಿದು ತಾತನನ್ನೇ ನೋಡಿದಳು.

ಸೂರ್ಯನಾರಾಯಣರು ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು, ನಿಧಾನಕ್ಕೆ ಅಗಿದು ನುಂಗಿ, ಗೋಡೆಯ ಮೇಲಿನ ಇಂದಿರಮ್ಮನ ಫೋಟೋ ಕಡೆ ತಿರುಗಿ ಹೇಳಿದರು.

"ಮಹಡಿ ಮೇಲೆ. ಅಂಗೀಠಿಯಲ್ಲಿ."