ಗದ್ದೆ ಖಾಲಿ ಇಲ್ಲ ಎಂದ ಮೇಲೆ

ಹುಬ್ಬಳ್ಳಿ ಸ್ಟೇಷನ್ನಿನ ಪಾರ್ಸೆಲ್ ಕಚೇರಿಯ ಮುಂದೆ ನಾವಿಬ್ಬರೂ ಮೋಟಾರ್ ಸೈಕಲ್ಲಿಗೆ ಅಂಗಿ ಹೊಲಿಯುತ್ತ ಕೂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ರೈಲಿನಲ್ಲಿ ಗಾಡಿ ಕಳಿಸಬೇಕಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಬೇಕು, ಮೇಲೆ ಗೋಣಿ ಸುತ್ತಿ ಹೊಲಿಯಬೇಕು. ಅಲ್ಲಿ ಆ ಕೆಲಸಕ್ಕೆಂದೇ ಜನ ಇದ್ದರು. ಆದರೆ ಗಂಗಾವತಿ ಕಡೆಯವನಿಗೆ ಗೋಣಿ ಹೊಲಿಯುವುದನ್ನು ಇನ್ನೊಬ್ಬರು ಕಲಿಸುವುದೇ? ಕಾರಟಗಿಯ ಅಕ್ಕಿ ಗಿರಣಿಯಿಂದ ಹಳೆಯ ಚೀಲ, ದಬ್ಬಣ, ಸುತಳಿ ತಂದಿದ್ದೆ. ಹೆಡ್‌ಲೈಟಿಗೆ ಪೆಟ್ಟಾಗಬಾರದೆಂದು ಸುತ್ತ ತುರುಕಲು ಮನೆಯ ಭತ್ತದ ಹುಲ್ಲನ್ನೂ ತಂದಿದ್ದೆ.

"ದಾರ್ಯಾಗ ಗಾಡಿಗಿ ಹಸಿವಾದ್ರ ಮೇಯ್ತೈತಿ ಬಿಡು," ಅಂದ ನನ್ನ ಗೆಳೆಯ.

ನಗಿಸುತ್ತಿದ್ದ. ಮೂರು ವರ್ಷದಿಂದ ಅವನು ನನ್ನೊಡನೆ ಹೀಗೆ ನಗುನಗುತ್ತಲೇ ಮಾತಾಡುತ್ತಿದ್ದ, ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿಮಾಚಲದ ಬೆಟ್ಟ ನೋಡೋಣ ಬಾ ಎಂದು ನಾನು ಅವನನ್ನು ಹೊರಡಿಸಿದ್ದು ಬೆಟ್ಟಕ್ಕಾಗಿ ಅಲ್ಲ. ಅವನಿಗೆ ಒಂದು ಮಾತು ಹೇಳಬೇಕಾಗಿತ್ತು, ಊರಲ್ಲಿ ಅದು ಬಾಯಿಗೆ ಬರುತ್ತಿರಲಿಲ್ಲ.

ಅವನು ಕುಷ್ಟಗಿ ತಾಲ್ಲೂಕಿನವನು, ಕುರಿ ಸಾಕುವ ಮನೆತನ. ನಾನು ಗಂಗಾವತಿ ಹತ್ತಿರದ ಮರಳಿ ಊರಿನವನು, ಭತ್ತ ಬೆಳೆಯುವ ಮನೆತನ. ನಮ್ಮಿಬ್ಬರನ್ನು ಸೇರಿಸಿದ್ದು ಕುರಿ ಹಿಕ್ಕೆ. ಹೀಗೆ ಹೇಳಿದರೆ ನನ್ನ ಹೆಂಡತಿ ಮುಖ ಕಿವುಚುತ್ತಾಳೆ. ಭತ್ತ ಕೊಯ್ದಾದ ಮೇಲೆ ಅವನ ತಂದೆ, ತಂದೆಯ ನಂತರ ಅವನು, ಹಿಂಡು ಹೊಡೆದುಕೊಂಡು ನಮ್ಮ ಕಡೆ ಬರುತ್ತಿದ್ದರು. ಖಾಲಿ ಗದ್ದೆಯಲ್ಲಿ ಎಂಟು ಹತ್ತು ದಿನ ಕುರಿ ತರುಬುತ್ತಿದ್ದರು. ಹಗಲೆಲ್ಲ ಮೇಯಿಸಿ, ಹೊತ್ತು ಮುಳುಗುವಾಗ ಸುತ್ತ ಬಲೆ ಕಟ್ಟಿ ಹಿಂಡನ್ನು ಅಲ್ಲೇ ಕೂಡುವುದು. ನೆಲಕ್ಕೆ ಗೊಬ್ಬರ, ಅವರಿಗೆ ಭತ್ತ. ಗದ್ದೆ ಖಾಲಿ ಕಂಡರೆ ಇಳಿಯುವುದೇ, ಅದಕ್ಕೆ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ಕುರಿಯವರು ಪಕ್ಕದವನ ಗದ್ದೆಗೆ ಇಳಿದುಬಿಟ್ಟರೆ ನಮ್ಮಪ್ಪ ಎರಡು ದಿನ ಮಾತು ಬಿಡುತ್ತಿದ್ದ.

ನನಗೆ ಗೊಬ್ಬರ ಬೇಕಿರಲಿಲ್ಲ, ಅವನು ಬೇಕಿತ್ತು. ಕೊಯ್ಲು ಮುಗಿದದ್ದೇ ತಡ, ದಿನಾ ಸಂಜೆ ಕಾಲುವೆಯ ಏರಿ ಹತ್ತಿ ಕುಷ್ಟಗಿ ದಾರಿಯ ಕಡೆ ಧೂಳು ಎದ್ದಿತೇ ಎಂದು ನೋಡುತ್ತಿದ್ದೆ. ಮದುವೆಯಾಗಿ ಮಕ್ಕಳಾದ ಮೇಲೂ ಹಾಗೆ ನೋಡುತ್ತಿದ್ದೆ ಎಂದರೆ ನಗಬೇಡಿ. ವರ್ಷದಲ್ಲಿ ಹತ್ತೇ ದಿನದ ಗೆಳೆತನ, ಉಳಿದ ದಿನವೆಲ್ಲ ಅದರ ದಾರಿ ಕಾಯುವುದು.

ನಮ್ಮ ಗದ್ದೆ ಕಾಲುವೆಯ ತುದಿಗಿತ್ತು, ಎರಡನೇ ಬೆಳೆಗೆ ನೀರು ಸಾಲುತ್ತಿರಲಿಲ್ಲ. ಅದಕ್ಕೇ ಖಾಲಿ ಇರುತ್ತಿತ್ತು. ಕೊಳವೆ ಬಾವಿ ತೆಗೆಸಿದೆ, ನೀರು ಬಿತ್ತು. ಆ ವರ್ಷ ಕೊಯ್ಲಿನ ಹಿಂದೆಯೇ ಮತ್ತೆ ನಾಟಿಗೆ ಕೆಸರು ಹೊಡೆಸುತ್ತಿದ್ದಾಗ ಅವನ ಫೋನ್ ಬಂತು. ಎಂದೂ ಕೇಳದವನು, ಗದ್ದೆ ಖಾಲಿ ಇದೆಯೇ ಎಂದು ಕೇಳಿದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಕೂಗಿ ಹೇಳಿದೆ: "ಗದ್ದಿ ಖಾಲಿ ಇಲ್ಲೋ ಈ ಸಲ. ಬ್ಯಾರೆ ಕಡೆ ನೋಡ್ಕೋ." ಅವನು "ಆಯ್ತು ಬಿಡು" ಅಂದ. ಬೇಸಿಗೆಗೆ ಮುಂಚೆ ಅವನು ಹಿಂಡನ್ನೆಲ್ಲ ಮಾರಿ ತಾವರಗೇರಾದಲ್ಲಿ ಪಂಕ್ಚರ್ ಅಂಗಡಿ ಹಾಕಿದನೆಂದು ಯಾರೋ ಹೇಳಿದರು.

ಎರಡು ಹಗಲು ರೈಲು. ಕಟಕ ರೊಟ್ಟಿ, ಶೇಂಗಾ ಚಟ್ನಿ ಮುಗಿಯುವ ಹೊತ್ತಿಗೆ ದಿಲ್ಲಿ. ಅಲ್ಲಿ ಗಾಡಿಯ ಅಂಗಿ ಬಿಚ್ಚಿ, ಪೆಟ್ರೋಲ್ ಕುಡಿಸಿ, ಬೆನ್ನಿಗೊಂದು ಚೀಲ ಬಿಗಿದುಕೊಂಡು ಬೆಟ್ಟದ ದಾರಿ ಹಿಡಿದೆವು. ನಮ್ಮ ಕಡೆ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ, ಬೆಳಿಗ್ಗೆ ಹತ್ತಿ ಮಧ್ಯಾಹ್ನದ ಊಟಕ್ಕೆ ಇಳಿಯಬಹುದು. ಇಲ್ಲಿ ಒಂದು ತಿರುವು ಮುಗಿದರೆ ಇನ್ನೊಂದು, ಅದರ ಮೇಲೆ ದೇವದಾರು, ಅದರ ಮೇಲೆ ಹಿಮ. ನಾನು ಕತ್ತು ನೋಯುವಂತೆ ಮೇಲೆ ನೋಡುತ್ತಿದ್ದೆ. ಹಿಂದೆ ಕೂತವನು ನೆಲ ನೋಡುತ್ತಿದ್ದ.

"ನಿಲ್ಲಸು," ಅಂದ ಒಂದು ಕಡೆ. ಇಳಿದು ದಾರಿಯ ಮೇಲಿನ ಹಿಕ್ಕೆಯನ್ನು ಬೆರಳಲ್ಲಿ ಒತ್ತಿ ನೋಡಿದ. "ಇವತ್ತ ಮುಂಜಾನೆ ಹೋಗ್ಯಾವ. ದೊಡ್ಡ ಹಿಂಡು."

ಸಂಜೆಯೊಳಗೆ ಹಿಂಡು ಸಿಕ್ಕಿತು. ಚಳಿಗೆ ಮುಂಚೆ ಮೇಲಿನಿಂದ ಕೆಳಗಿಳಿಯುತ್ತಿದ್ದ ಕುರಿಗಳು. ಹಿಂದೆ ಒಬ್ಬ ಮುದುಕ, ಎರಡು ನಾಯಿ. ಒಂದು ಕುರಿ ಕುಂಟುತ್ತಿತ್ತು. ಗೆಳೆಯ ಕೇಳದೆ ಹೇಳದೆ ಹೋಗಿ ಅದನ್ನು ಕೆಡವಿ, ಗೊರಸಿನ ಸಂದಿಯ ಕಲ್ಲು ಕಿತ್ತು ಮುದುಕನ ಅಂಗೈಗಿಟ್ಟ. ಅಲ್ಲಿಗೆ ಬೆಟ್ಟ ನೋಡುವ ನಮ್ಮ ಪ್ರವಾಸ ಮುಗಿಯಿತು. ಆ ರಾತ್ರಿ ಅಲ್ಲೇ ತಂಗಿದೆವು, ಮರುದಿನವೂ ಹಿಂಡಿನ ಜೊತೆಗೇ. ಬೆಳಗಿನಿಂದ ಗೆಳೆಯ ಹಿಂಡಿನ ಹಿಂದೆ ಸಿಳ್ಳೆ ಹಾಕುತ್ತ ನಡೆದ. ನಾನು ಮೊದಲನೇ ಗೇರಿನಲ್ಲಿ ಅವನ ಹಿಂದೆ ಗಾಡಿ ತೆವಳಿಸಿದೆ. ಎಷ್ಟು ವರ್ಷಗಳ ಮೇಲೆ ಅವನ ಮುಖ ಅವನ ಮುಖದಂತೆ ಇತ್ತು! ನನಗೆ ಖುಷಿಯಾಯಿತು.

ಆ ಮಧ್ಯಾಹ್ನ ಮುದುಕನಿಗೆ ಹಿಟ್ಟು, ಉಪ್ಪು ಬೇಕಾಯಿತು. ಅವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಕೆಳಗಿನ ಅಂಗಡಿಗೆ ಹೋದೆ. ಹಿಂಡು ಗೆಳೆಯನ ಕೈಲಿ. ಹೊತ್ತು ಮುಳುಗುವಾಗ ತಿರುಗಿ ಬಂದರೆ ದಾರಿಯಲ್ಲಿ ಒಂದು ಕುರಿಯೂ ಇಲ್ಲ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹೊಲಗಳಲ್ಲಿ ಒಂದು ಬೋಳು ಹೊಲ. ಅದರ ತುಂಬ ಕುರಿ. ಬದುವಿನ ಮೇಲೆ ಗೆಳೆಯ ಮಾವನ ಮನೆಗೆ ಬಂದ ಅಳಿಯನಂತೆ ಕೂತಿದ್ದ.

"ಎಂಥಾ ಛಲೋ ಖಾಲಿ ಹೊಲ ಸಿಕ್ಕೈತಿ ನೋಡೋ! ಪುಣ್ಯಾತ್ಮ ಯಾರದ್ದೋ, ಮುಂಜಾನಿ ಎದ್ದು ಖುಷಿ ಆಗ್ತಾನ."

ಮುದುಕ ಹಣೆ ಹಣೆ ಬಡಿದುಕೊಂಡ. ಹೊಲ ಖಾಲಿ ಇರಲಿಲ್ಲ. ಹಿಂದಿನ ದಿನವಷ್ಟೇ ಬೆಳ್ಳುಳ್ಳಿ ಊರಿದ್ದರು.

ಹೊಲದ ಒಡತಿ ಕೋಲು ಹಿಡಿದು ಬಂದಳು. ಅವಳ ಬೈಗುಳದಲ್ಲಿ ಒಂದಕ್ಷರ ಅರ್ಥವಾಗದಿದ್ದರೂ ಎಲ್ಲವೂ ಅರ್ಥವಾಯಿತು. ಗೆಳೆಯ ಕೈ ಮುಗಿದು, "ಮಾಫ್ ಕರೋ ಅಕ್ಕಾ, ಗಲ್ತೀ ಆಗೈತಿ," ಎಂದು ನಿಜಾಮರ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಉರ್ದುವನ್ನೆಲ್ಲ ಖರ್ಚು ಮಾಡಿದ. ಬೆಳಿಗ್ಗೆ ಬಂದು ಮಡಿ ಸರಿಮಾಡಿ ಕೊಡುತ್ತೇವೆಂದು ಕೈಸನ್ನೆಯಲ್ಲಿ ಒಪ್ಪಿಸಿದೆವು.

ಮರುದಿನ ನಸುಕಿಗೆ ಮುದುಕ ಹಿಂಡು ಹೊಡೆದುಕೊಂಡು ಮುಂದೆ ಹೋದ. ಗೆಳೆಯ ಮುದುಕನ ಸಿಳ್ಳೆ ಕೇಳಿಸುವವರೆಗೆ ನಿಂತು, ಆಮೇಲೆ ಮಂಡಿಯೂರಿ ಕೂತ. ತುಳಿತಕ್ಕೆ ಮೇಲೆದ್ದ ಎಸಳುಗಳನ್ನು ಹೆಕ್ಕಿ ಹೆಕ್ಕಿ ಮತ್ತೆ ಊರಿದೆವು. ಸಾಲಿನ ಆಚೆ ಅವನು, ಈಚೆ ನಾನು.

"ಕೇಳಬೇಕಿತ್ತಲ್ಲೋ ಯಾರನ್ನಾರ," ಅಂದೆ.

"ಖಾಲಿ ಕಂಡಿತು. ಮೂರು ವರ್ಷಾತು ಖಾಲಿ ಹೊಲ ನೋಡಿ. ಕೇಳೂದು ಎಲ್ಲಿ ನೆನಪಾಗಬೇಕು?"

ಇನ್ನು ತಡೆಯಲಾಗಲಿಲ್ಲ. "ಅವತ್ತು ಫೋನಿನ್ಯಾಗ ನಾ ಹಂಗ ಅನಬಾರದಿತ್ತು," ಅಂದೆ. ಅಷ್ಟು ಹೇಳುವುದಕ್ಕೆ ಇಷ್ಟು ದೂರ ಬರಬೇಕಾಯಿತು.

ಅವನು ತಲೆ ಎತ್ತಲಿಲ್ಲ. "ನೀ ಒಬ್ಬನ ಅಂದಿಲ್ಲ ತಗೋ. ಎಲ್ಲಾರೂ ಅಂದ್ರು. ಈಗ ಎಲ್ಲಾರದೂ ಎರಡು ಬೆಳಿ."

ಎದೆಯ ಭಾರ ಇಳಿದಂತಾಯಿತು. ಅವನು ಇನ್ನೊಂದು ಎಸಳು ಊರಿ ಮಣ್ಣು ಒತ್ತಿದ.

"ಆದ್ರ ನಿನಗ ಕಡೀಗಿ ಫೋನ್ ಮಾಡಿದ್ದೆ. ನೀ ಹಂಗ ಅನ್ನಂಗಿಲ್ಲ ಅಂತ."

ಎಸಳು ಊರುತ್ತ ಊರುತ್ತ ಆ ಮಡಿ ಮುಗಿಸಿದೆವು. ಒಡತಿ ಚಹಾ ತಂದುಕೊಟ್ಟಳು. ಕಣ್ಣು ಒರೆಸಿಕೊಂಡೆ, ಕೈಗೆ ಬೆಳ್ಳುಳ್ಳಿ ಹತ್ತಿತ್ತು, ಇನ್ನಷ್ಟು ಉರಿಯಿತು.

ಊರಿಗೆ ಬಂದು ತಿಂಗಳಾಗಿ ಭತ್ತ ಕೊಯ್ದೆವು. ಕಾಲುವೆ ತುದಿಯ ಒಂದು ಎಕರೆಗೆ ನಾನು ಮತ್ತೆ ನಾಟಿ ಮಾಡಿಸಲಿಲ್ಲ. "ನೀರು ಐತಿ, ಸಸಿ ಐತಿ, ಪಾಳು ಬಿಟ್ಟು ಯಾರ ದಾರಿ ನೋಡ್ತೀರಿ?" ಎಂದು ಹೆಂಡತಿ ರೇಗಿದಳು. ಗೆಳೆಯನಿಗೆ ಫೋನ್ ಮಾಡಿ, "ಗದ್ದಿ ಖಾಲಿ ಐತಿ," ಅಂದೆ.

"ಹುಚ್ಚನ ನೀನು? ಕುರಿ ಎಲ್ಲಿ ಅದಾವ ನನ್ನ ಹತ್ರ?"

"ಗೊತ್ತೈತಿ. ಖಾಲಿ ಐತಿ ಅಂತ ಹೇಳಿದೆ ಅಷ್ಟ."

ಅವನು ಫೋನ್ ಇಟ್ಟುಬಿಟ್ಟ. ನಾನು ಸಂಜೆ ಸಂಜೆ ಏರಿ ಹತ್ತುವುದನ್ನು ಬಿಡಲಿಲ್ಲ. ಎಂಟನೇ ದಿನ ಕುಷ್ಟಗಿ ದಾರಿಯಲ್ಲಿ ಸಣ್ಣದಾಗಿ ಧೂಳು ಎದ್ದಿತು. ಒಂದೇ ಒಂದು ಮೋಟಾರ್ ಸೈಕಲ್. ಅವನು ಇಳಿದು ಗದ್ದೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಬಂದ. ಆಮೇಲೆ ಗಾಡಿಯ ಹಿಂದೆ ಕಟ್ಟಿದ್ದ ದೊಡ್ಡ ಗಂಟೊಂದನ್ನು ಬಿಚ್ಚಿ ನನ್ನ ಕೈಗಿಟ್ಟ. ಕುರಿ ತರುಬುವ ಬಲೆ. ಎಲ್ಲ ಮಾರಿದವನು ಇದೊಂದನ್ನು ಮಾರಿರಲಿಲ್ಲ.

"ನಿಮ್ಮ ಮನ್ಯಾಗ ಇಟ್ಟಿರು. ನಮ್ಮ ಮನ್ಯಾಗ ಇಲಿ ಕಡೀತಾವ," ಅಂದ.

ಭತ್ತ ತುಂಬಿದ ಮನೆಯಲ್ಲಿ ಇಲಿ ಎಷ್ಟಿರುತ್ತವೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಾನು ಬಲೆಯನ್ನು ತೊಲೆಗೆ ಎತ್ತರಕ್ಕೆ ಕಟ್ಟಿದ್ದೇನೆ. ಗದ್ದೆ ಖಾಲಿ ಇದೆ.