ಪೂಜೆಗೆ ಕೂತ ಪ್ರಪೋಸಲ್ಲು

ನಮ್ಮ ಆಫೀಸಿನ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಒಂದು ಕುಂಕುಮದ ಕಲೆಯಿದೆ. ಎಷ್ಟು ಒರೆಸಿದರೂ ಹೋಗದೆ, ಮುತ್ತೈದೆಯ ಹಣೆಯ ಮೇಲಿರುವಷ್ಟೇ ಅಧಿಕಾರದಿಂದ ಅಲ್ಲಿ ಕೂತಿದೆ. ಆಫೀಸು ಎಂದೆನಲ್ಲ, ಆ ಪದವನ್ನು ಕೊಂಚ ತಗ್ಗಿಸಿ ಓದಿಕೊಳ್ಳಿ. ಟಿ. ದಾಸರಹಳ್ಳಿಯಲ್ಲಿ ಬೇಕರಿಯೊಂದರ ನೆತ್ತಿಯ ಮೇಲಿರುವ ಒಂದೇ ಒಂದು ಕೋಣೆ ಅದು. ಕೆಳಗೆ ಬನ್ನು ಬೇಯತೊಡಗಿದರೆ ಮೇಲೆ ನಮ್ಮ ವ್ಯವಹಾರಬುದ್ಧಿಯೆಲ್ಲ ಹಸಿವಾಗಿ ಕರಗಿಹೋಗುತ್ತದೆ. ಅಲ್ಲಿ ಕೂತು ನಾನೂ ನನ್ನ ಗೆಳತಿ ನಾಗರತ್ನಳೂ ಬೇರೆಯವರ ಸಮಾರಂಭಗಳನ್ನು ನಡೆಸಿಕೊಡುತ್ತೇವೆ. ಬೋರ್ಡಿನಲ್ಲಿ ‘ಇವೆಂಟ್ ಪ್ಲಾನರ್ಸ್’ ಎಂದಿದೆ. ನನ್ನ ಅತ್ತೆಯವರು ಮಾತ್ರ ನೆಂಟರ ಮುಂದೆ ಇಂದಿಗೂ "ನಮ್ ಸೊಸೆ ಶಾಮಿಯಾನ ಹಾಕಿಸ್ತಾಳೆ" ಎಂದೇ ಹೇಳುತ್ತಾರೆ.

ಹಾಕಿಸುವುದು ಸುಲಭ ಸ್ವಾಮಿ. ಹಾಕಿಸುವ ಕೆಲಸ ನಮಗೇ ಕೊಡಿ ಎಂದು ಬರೆಯುವುದಿದೆಯಲ್ಲ, ಅದು ಕಷ್ಟ. ಆ ಬರಹಕ್ಕೆ ಪ್ರಪೋಸಲ್ ಎಂದು ಹೆಸರು. ಮದುವೆಯ ಪ್ರಸ್ತಾಪದಲ್ಲಿ ಹುಡುಗನ ಕಡೆಯವರು ಹುಡುಗನ ಬಗ್ಗೆ ಎಷ್ಟು ಹೇಳುತ್ತಾರೋ ಅದರ ಎರಡರಷ್ಟನ್ನು ನಾವು ನಮ್ಮ ಬಗ್ಗೆಯೇ, ನಾಚಿಕೆಯಿಲ್ಲದೆ, ಬಣ್ಣದ ಚಿತ್ರಗಳ ಸಮೇತ ಹೇಳಿಕೊಳ್ಳಬೇಕು. ವೈಟ್‌ಫೀಲ್ಡಿನ ಕಂಪನಿಗಳಿಗೆ ಬರೆದು ಬರೆದು ನನ್ನ ಕೈ ಎಷ್ಟು ಪಳಗಿತ್ತೆಂದರೆ, ಕಾಫಿ ವಿರಾಮವೆಂದು ಸಪ್ಪಗೆ ಬರೆಯುವುದೇ ಮರೆತುಹೋಗಿ ‘ಬಾಂಧವ್ಯ ಬೆಸೆಯುವ ಸುವಾಸಿತ ಕ್ಷಣಗಳು’ ಎಂದು ಬರೆಯುತ್ತಿದ್ದೆ. ನಾಗರತ್ನ ಅದನ್ನು ಓದಿ, "ಇದ್ರಲ್ಲಿ ಕಾಫಿ ಎಲ್ಲಿದೆ ಕಣೇ?" ಎಂದು ಕೇಳುತ್ತಿದ್ದಳು. ಅವಳು ದಾಸರಹಳ್ಳಿಯ ಹಳೇ ಮನೆತನದವಳು, ಸುತ್ತಿ ಬಳಸಿ ಮಾತಾಡಿದರೆ ಅವಳಿಗೆ ತಲೆನೋವು ಬರುತ್ತದೆ.

ಇಷ್ಟು ವಿಶೇಷಣಗಳನ್ನು ಸುರಿದರೂ ಹೋದ ವರ್ಷ ನಮ್ಮ ಪ್ರಪೋಸಲ್ಲುಗಳು ಒಂದಾದ ಮೇಲೊಂದು ಮಣ್ಣುಪಾಲಾದವು. ದಸರೆ ಹತ್ತಿರ ಬರುವ ಹೊತ್ತಿಗೆ ನಾಗರತ್ನ ಮಾಕಳಿಯ ಕಡೆಯ ಒಂದು ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ ಗೊತ್ತುಮಾಡಿಕೊಂಡು ಬಂದಳು. "ಇದೊಂದು ನೋಡೋಣ. ಇದೂ ಕೈಕೊಟ್ರೆ ನಾನು ಅಲ್ಲಿಗೆ ಸೇರ್ಕೊಂಡ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡ" ಎಂದಳು. ಇದು ಎಂದರೆ ಪೀಣ್ಯದ ಒಂದು ಕಾರ್ಖಾನೆಯ ಬೆಳ್ಳಿಹಬ್ಬ. ನನಗೆ ಬೇಜಾರಲ್ಲ, ಭಯವೇ ಆಯಿತು. ಅವಳಿಲ್ಲದೆ ನಾನು ಬರೀ ಮಾತು. ಅಡುಗೆಯವರನ್ನು ಗದರುವುದೂ ಜನರೇಟರಿನವನನ್ನು ಓಲೈಸುವುದೂ ಅವಳೇ.

ಹಾಗಾಗಿ ಆ ಪ್ರಪೋಸಲ್ಲಿಗೆ ಜೀವ ತೇದೆ. ಲೇಸರ್ ಬೆಳಕು, ಹೊಗೆ ಕಾರುವ ವೇದಿಕೆ, ಡ್ರೋನಿನಿಂದ ಪುಷ್ಪವೃಷ್ಟಿ, ಯಜಮಾನರ ಆಳೆತ್ತರದ ಚಿತ್ರ, ಏನುಂಟು ಏನಿಲ್ಲ. ಕಾರ್ಖಾನೆಯ ಎಚ್.ಆರ್. ಶ್ವೇತಾ ಮೇಡಂ ಹೊಸದಾಗಿ ವೈಟ್‌ಫೀಲ್ಡಿನಿಂದ ಬಂದವರು. ಕ್ಯಾಲೆಂಡರು ನೋಡದೆಯೇ, ಕಳಿಸಲು ಕೊನೆಯ ದಿನವೆಂದು ಆಯುಧಪೂಜೆಯ ದಿನವನ್ನೇ ಗೊತ್ತುಮಾಡಿದ್ದರು. ಬೆಳಗ್ಗೆ ಹೋಗಿ ಇನ್ನೊಂದೆರಡು ವಿಶೇಷಣ ಸೇರಿಸಿ ಕಳಿಸಿದರಾಯಿತು ಎಂದು ನಾನು ನಿಶ್ಚಿಂತಳಾಗಿದ್ದೆ.

ಬೆಳಗ್ಗೆ ಹೋಗಿ ನೋಡುತ್ತೇನೆ, ಕೋಣೆಯ ತುಂಬ ಊದಿನಕಡ್ಡಿಯ ಹೊಗೆ. ಮುಚ್ಚಿದ ಲ್ಯಾಪ್‌ಟಾಪು ಬಾಳೆಲೆಯ ಮೇಲೆ ವಿರಾಜಮಾನವಾಗಿದೆ, ಮೈಮೇಲೆ ಸೇವಂತಿಗೆ ಹಾರ, ನಡುವೆ ಕುಂಕುಮ. ಪಕ್ಕದಲ್ಲಿ ಪ್ರಿಂಟರು, ಸ್ಟೇಪ್ಲರು, ಪೆನ್ನುಗಳು, ಎಲ್ಲಕ್ಕೂ ಅವರವರ ಯೋಗ್ಯತಾನುಸಾರ ಅರಿಶಿನ. ನಾಗರತ್ನ ಭಕ್ತಿಯಿಂದ ಕೈಮುಗಿದು ನಿಂತಿದ್ದಾಳೆ. ನಾನು ಹಾರ ಸರಿಸಲು ಕೈ ಚಾಚಿದೆ.

"ಮುಟ್ಟಬೇಡ. ಪೂಜೆ ಆಯ್ತು. ಇನ್ನು ನಾಳೆ ಬೆಳಗ್ಗೇನೇ."

"ಪ್ರಪೋಸಲ್ ಅದರೊಳಗಿದೆ ನಾಗೂ."

"ಅದಕ್ಕೂ ಪೂಜೆ ಆಯ್ತು ಬಿಡು."

ಫೋನಿನಿಂದ ಕಳಿಸಬಹುದಿತ್ತಲ್ಲ ಎನ್ನುತ್ತೀರಿ. ಕಳಿಸಲು ಅದು ಇದ್ದದ್ದು ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಮಾತ್ರ. ನಾನು ಜಗಳವಾಡಿದೆ, ಕಣ್ಣೀರು ಹಾಕಿದೆ, ಮೂಢನಂಬಿಕೆ ಎಂದು ಭಾಷಣ ಬಿಗಿದೆ. ಆದರೆ ನಿಜ ಹೇಳಬೇಕೆಂದರೆ ಹಾರ ತೆಗೆಯಲು ನನಗೂ ಕೈ ಬರಲಿಲ್ಲ. ವರ್ಷವಿಡೀ ನಮ್ಮ ಸುಳ್ಳುಗಳನ್ನೆಲ್ಲ ಹೊತ್ತು ದುಡಿದ ಪ್ರಾಣಿ ಅದು, ಒಂದು ದಿನ ಮಲಗಿದ್ದರೆ ಎಬ್ಬಿಸುವುದು ಹೇಗೆ? ಕೊನೆಗೆ ನಾಗರತ್ನಳೇ ಸ್ಕೂಟರು ಹೊರಡಿಸಿ, "ನಡಿ, ಬಾಯಲ್ಲಿ ಹೇಳ್ಬಿಟ್ಟು ಬರೋಣ" ಎಂದಳು. ಚಕ್ರವನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಟೆವು.

ಪೀಣ್ಯವನ್ನು ನೀವು ಆ ದಿನ ನೋಡಬೇಕು. ಗೇಟುಗೇಟಿಗೂ ಬಾಳೆಕಂದು, ರಸ್ತೆಯ ತುಂಬ ಒಡೆದ ಬೂದುಗುಂಬಳ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮೌನ. ಕಾರ್ಖಾನೆಯೊಳಗೆ ಕಾಲಿಟ್ಟರೆ ಶ್ವೇತಾ ಮೇಡಂ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರ ಕಂಪ್ಯೂಟರಿನ ಪರದೆಗೆ ಮೂರೆಳೆ ವಿಭೂತಿ ಬಳಿಯಲಾಗಿತ್ತು.

"ನಾಳೆವರೆಗೂ ಆನ್ ಮಾಡೋ ಹಾಗಿಲ್ವಂತೆ ಮೇಡಂ. ಎಲ್ಲರ ಪ್ರಪೋಸಲ್ಲೂ ಅದರಲ್ಲೇ ಇದೆ. ನಮ್ಮ ಹಳೇ ಕಂಪನೀಲಿ ಇವತ್ತು ಬರೀ ಎತ್ನಿಕ್ ಡೇ ಇರ್ತಿತ್ತು, ರೇಷ್ಮೆ ಸೀರೆ ಉಟ್ಕೊಂಡ್ ಬಂದ್ರೆ ಮುಗೀತು" ಎಂದರು ಪಾಪ. ನಮ್ಮ ಪ್ರತಿಸ್ಪರ್ಧಿಗಳ ಲೇಸರುಗಳೂ ಡ್ರೋನುಗಳೂ ವಿಭೂತಿಯ ಹಿಂದೆ ಸಮಾಧಿಸ್ಥಿತಿಯಲ್ಲಿದ್ದುದನ್ನು ಕೇಳಿ ನನ್ನ ಮನಸ್ಸಿಗೆ ಆದ ತಂಪನ್ನು ಏನೆಂದು ಹೇಳಲಿ.

ಯಜಮಾನರಾದ ಶಿವಲಿಂಗಪ್ಪನವರು ಹಾವೇರಿ ಕಡೆಯವರು. ಪತ್ನಿ ಗಿರಿಜಮ್ಮನವರೊಂದಿಗೆ ನಿಂತು ಎಲ್ಲರಿಗೂ ಕಡ್ಲೆಪುರಿ ಹಂಚುತ್ತಿದ್ದರು. ವಿಷಯ ತಿಳಿದು, "ಬಾಯಿಲೇ ಹೇಳ್ರಲ, ಅದಕ್ಯಾಕ ಕಂಪ್ಯೂಟರ್?" ಎಂದರು. ‘ಸುವಾಸಿತ ಕ್ಷಣಗಳು’ ಎಂದು ಬರೆಯಬಹುದು; ಕೈಯಲ್ಲಿ ಕಡ್ಲೆಪುರಿ ಹಿಡಿದು, ಎದುರಿಗಿರುವವರ ಮುಖ ನೋಡಿಕೊಂಡು ಹೇಳಲಾಗುವುದಿಲ್ಲ. ಸುತ್ತ ಕಣ್ಣು ಹಾಯಿಸಿದೆ. ರಾಜಗೋಪಾಲನಗರದಿಂದ ಕೆಲಸಗಾರರ ಸಂಸಾರಗಳೆಲ್ಲ ಹೊಸ ಬಟ್ಟೆ ತೊಟ್ಟು ಬಂದಿದ್ದವು. ಒಬ್ಬಾಕೆ ಗಂಡನನ್ನು "ನಿಮ್ದು ಯಾವ್ದು?" ಎಂದು ಕೇಳುತ್ತಿದ್ದಳು. ಅವನು ಹಾರ ಹಾಕಿಕೊಂಡು ಸುಮ್ಮನೆ ನಿಂತಿದ್ದ ಒಂದು ಲೇತ್ ಯಂತ್ರವನ್ನು ತೋರಿಸಿದ. ಆಕೆ ಅದನ್ನು ಮೇಲಿಂದ ಕೆಳಗೆ ನೋಡಿ, "ಇದು ಏನ್ಮಾಡುತ್ತೆ?" ಎಂದಳು. ಅವನು ಕೈಯನ್ನು ಗಾಳಿಯಲ್ಲಿ ತಿರುಗಿಸಿ ತಿರುಗಿಸಿ ವಿವರಿಸಿದ; ಆಕೆಗೆ ಏನೂ ಅರ್ಥವಾದಂತೆ ಕಾಣಲಿಲ್ಲ.

"ಸಾರ್, ಇವರ ಮನೆಯವರು ಒಳಗೆ ಬರೋದು ಇವತ್ತೊಂದೇ ದಿನ. ಇವತ್ತು ಮಷಿನ್ನು ನಿಂತಿರುತ್ತೆ. ಅದು ಓಡೋದನ್ನ ಇವರು ಯಾರೂ ನೋಡೇ ಇಲ್ಲ" ಎಂದೆ. "ವೇದಿಕೆ ಬೇಡ ಸಾರ್. ಬೆಳ್ಳಿಹಬ್ಬದ ದಿನ ಎಲ್ಲರ ಮನೆಯವರನ್ನೂ ಕರೆಸಿ ಮಷಿನ್ನು ಓಡಿಸಿ ತೋರಿಸೋಣ. ಅವರವರದ್ದು ಅವರವರೇ ತೋರಿಸ್ಲಿ. ಆಮೇಲೆ ಒಳ್ಳೆ ಊಟ ಹಾಕ್ಸೋಣ."

ಇದರಲ್ಲಿ ಒಂದೇ ಒಂದು ವಿಶೇಷಣವಿತ್ತು, ಅದೂ ಊಟಕ್ಕೆ. ಶಿವಲಿಂಗಪ್ಪನವರು ಗಡ್ಡ ಸವರಿಕೊಂಡರು. ಮಾತಾಡಿದ್ದು ಗಿರಿಜಮ್ಮನವರು.

"ನಾನೂ ನೋಡಿಲ್ರೀ. ಮದ್ವಿ ಆದಾಗಿನಿಂದ ವರ್ಷಾ ಬಂದು ಇವಕ್ಕ ಆರತಿ ಎತ್ತೀನಿ. ಇವು ಏನ್ ಮಾಡ್ತಾವ ಅಂತ ಇವರು ಒಂದಿನಾನೂ ತೋರಿಸಿಲ್ಲ."

ಯಜಮಾನರು ಪುರಿಯ ತಟ್ಟೆಯನ್ನು ಸುಮ್ಮನೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಆಮೇಲೆ ಶ್ವೇತಾ ಮೇಡಂ ಕಡೆ ತಿರುಗಿ, "ಇವರಿಗೇ ಹೇಳಿಬಿಡ್ರಿ" ಎಂದರು. ಅಷ್ಟು ದಿನ ಪುಟಗಟ್ಟಲೆ ಬರೆದೆನಲ್ಲ, ಅದರಲ್ಲಿ ನಾವು ಎಂಥವರೆಂಬುದು ತುಂಬಿ ತುಳುಕುತ್ತಿತ್ತು, ಕರೆದವರು ಯಾರೆಂಬುದು ಮಾತ್ರ ಹುಡುಕಿದರೂ ಸಿಗುತ್ತಿರಲಿಲ್ಲ. ಮರಳುವ ದಾರಿಯಲ್ಲಿ ಇದನ್ನು ನಾಗರತ್ನಳಿಗೆ ಹೇಳಿದರೆ, "ಮೊದ್ಲು ಈ ಫಂಕ್ಷನ್ ಆಗ್ಲಿ, ಆಸ್ಪತ್ರೆಯವರ ಹತ್ರ ಅಲ್ಲಿವರೆಗೂ ಟೈಮ್ ಕೇಳಿದೀನಿ" ಎಂದಳು. ಅಂದರೆ ಕತ್ತಿ ಇನ್ನೂ ನನ್ನ ನೆತ್ತಿಯ ಮೇಲೇ ತೂಗುತ್ತಿತ್ತು.

ಬೆಳ್ಳಿಹಬ್ಬದ ದಿನ ಯಂತ್ರಗಳೆಲ್ಲ ಒಟ್ಟಿಗೆ ಓಡತೊಡಗಿದಾಗ ಎದ್ದ ಸದ್ದಿಗೆ ಕೂಸುಗಳು ಅತ್ತವು, ಹೆಂಗಸರು ಕಿವಿ ಮುಚ್ಚಿಕೊಂಡು ನಕ್ಕರು. ಕಬ್ಬಿಣ ಸುರುಳಿ ಸುರುಳಿಯಾಗಿ ಸುಲಿದು ಬರುವುದನ್ನು ಗಿರಿಜಮ್ಮನವರು ಬಾಗಿ ನೋಡುತ್ತಲೇ ಇದ್ದರು. ಅವರನ್ನು ಊಟಕ್ಕೆ ಕರೆದೊಯ್ಯಬೇಕಾದ ನಾಗರತ್ನ ಅದನ್ನು ಮರೆತು ತಾನೂ ಪಕ್ಕದಲ್ಲೇ ನಿಂತುಬಿಟ್ಟಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಏನೋ ಹೇಳಿದಳು, ಕೇಳಿಸಲಿಲ್ಲ. ಮತ್ತೆ ಹೇಳಿದಳು, ಆಗಲೂ ಕೇಳಿಸಲಿಲ್ಲ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದಳು. ಸರಿಯಾಗಿ ಅದೇ ಕ್ಷಣಕ್ಕೆ ಊಟದ ಹೊತ್ತಾಯಿತೆಂದು ಯಾರೋ ಮೇನ್ ಸ್ವಿಚ್ ಆರಿಸಿದರು.

"ನಾನು ಎಲ್ಲೂ ಹೋಗಲ್ಲ ಕಣೇ!"

ಇಡೀ ಕಾರ್ಖಾನೆ ತಿರುಗಿ ಅವಳನ್ನು ನೋಡಿತು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಶಿವಲಿಂಗಪ್ಪನವರು ಬಹಳ ಗಂಭೀರವಾಗಿ, "ಹೋಗಬ್ಯಾಡ್ರಿ ಮತ್ತ, ಊಟಾ ಐತಿ" ಎಂದರು.