ಗೊತ್ತಿಲ್ಲ ಎಂದ ಪೆಟ್ಟಿಗೆ

ಎರಡು ವರ್ಷದ ಹಿಂದಿನ ಮಾತು. ಮಣ್ಣೆತ್ತಿನ ಅಮಾವಾಸ್ಯೆಗೆಂದು ಹಾನಗಲ್ಲಿನಿಂದ ತಿಳವಳ್ಳಿಯ ಸೋದರಮಾವನ ಮನೆಗೆ ಹೋಗಿದ್ದೆ. ಹಬ್ಬದ ಮರುದಿನ ನಡೆದದ್ದನ್ನು ಹೇಳುವ ಮೊದಲು ನಾನು ಎಂಥವಳು ಎಂದು ಹೇಳಿಬಿಡುವುದು ಒಳ್ಳೆಯದು.

ನಾನು ಯಾವುದನ್ನೂ ಸುಲಭಕ್ಕೆ ಒಪ್ಪುವವಳಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆದ್ದು ಬರುತ್ತಿದ್ದೆ. ವೇದಿಕೆಯ ಮೇಲೆ ಏನು ಬೇಕಾದರೂ ಹೇಳಿ, 'ಗೊತ್ತಿಲ್ಲ' ಎಂದು ಮಾತ್ರ ಹೇಳಬೇಡಿ ಎಂದು ನಮ್ಮನ್ನು ತಯಾರು ಮಾಡುತ್ತಿದ್ದ ಸರ್ ಕಲಿಸಿದ್ದರು. ಮನೆಯಲ್ಲೂ ಅದೇ ಚಾಳಿ. ತಿಳವಳ್ಳಿಯ ಮಾವನ ಹೆಂಡತಿ ಗಂಗವ್ವ ಅತ್ತಿ ನನ್ನನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ, 'ವಕೀಲ್ರು' ಎನ್ನುತ್ತಾಳೆ.

ನನ್ನ ಕೆಲಸ ಸಾಫ್ಟ್‌ವೇರ್ ಬರೆಯುವುದು, ಅದೂ ತೆರೆಯ ಹಿಂದಿನದು. ನೀವು ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತೀರಲ್ಲ, ಆಗ ಎಲ್ಲೋ ದೂರದ ಯಂತ್ರವೊಂದು ಹುಡುಕಿ ಉತ್ತರ ಕಳಿಸುತ್ತದೆ. ಆ ಯಂತ್ರದೊಳಗಿನ ಪ್ರೋಗ್ರಾಂ ನಮ್ಮಂಥವರದು. ಹಾನಗಲ್ಲಿನ ಮನೆಯಲ್ಲೇ ಕೂತು ಮಾಡುತ್ತೇನೆ.

ಹುಲಗೂರಿನ ಇಮ್ತಿಯಾಜ್ ನನ್ನ ಕಾಲೇಜಿನ ಜೊತೆಗಾರ. ಶಿಗ್ಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಓಣಿಯ ಒಬ್ಬರಿಗೆ ಹಾವು ಕಚ್ಚಿ, ಔಷಧ ಎಲ್ಲಿದೆ ಎಂದು ತಿಳಿಯದೆ ಊರಿಂದೂರಿಗೆ ಹೊತ್ತು ತಿರುಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅವರು ಉಳಿದರು, ಆದರೆ ಇಮ್ತಿಯಾಜನ ತಲೆಯಲ್ಲಿ ಅದೇ ಕೂತುಬಿಟ್ಟಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಕಡೆ ಈ ಕ್ಷಣಕ್ಕೆ ಹಾವಿನ ವಿಷದ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸಬೇಕು ಎಂಬುದು ಅವನ ಆಸೆ. ಪರಿಚಯದ ಆಸ್ಪತ್ರೆಗಳವರು ಒಪ್ಪಿದರು. ಔಷಧ ಬಂದಾಗ ಒಮ್ಮೆ, ಬಳಸಿದಾಗ ಒಮ್ಮೆ ಅವರು ಮೊಬೈಲಿನಲ್ಲಿ ಒತ್ತಬೇಕು, ಅಷ್ಟೇ.

ಕರೆಂಟು, ನೆಟ್‌ವರ್ಕು ನಂಬುವಂತಿಲ್ಲ. ಒಂದೇ ಕಡೆ ಮಾಹಿತಿ ಇಟ್ಟರೆ ಆ ಊರಿನ ತಂತಿ ಹರಿದ ದಿನ ಎಲ್ಲ ಮುಗಿದಂತೆ. ಆದ್ದರಿಂದ ನಾಲ್ಕೂ ಊರಿನಲ್ಲಿ ಒಂದೊಂದು ಅಂಗೈಯಗಲದ ಕಂಪ್ಯೂಟರ್ ಇಟ್ಟೆವು. ನಾಲ್ಕಿದ್ದರೆ ಎರಡೆರಡು ಎಂದು ಸಮ ಬೀಳುವ ಅಪಾಯ. ತೀರ್ಪುಗಾರರು ಬೆಸ ಸಂಖ್ಯೆಯಲ್ಲೇ ಯಾಕಿರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಐದನೆಯದನ್ನು ತಿಳವಳ್ಳಿಯ ಮಾವನ ಮನೆಯ ಟಿ.ವಿ. ಪಕ್ಕ, ಇನ್ವರ್ಟರಿಗೆ ಜೋಡಿಸಿ ಇಟ್ಟೆ. ಐದೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ಮೂರು ಒಪ್ಪಿದ್ದೇ ಸತ್ಯ. ಮಾವ ಅದನ್ನು 'ಪೆಟಿಗಿ' ಎಂದ, ಅದೇ ಹೆಸರಾಯಿತು.

ಈ ಒಪ್ಪಿಗೆಯ ವ್ಯವಹಾರ ನಡೆಸುವ ಪ್ರೋಗ್ರಾಂ ನಾವು ಬರೆದದ್ದಲ್ಲ. ಯಾವ ಯಾವ ದೇಶದಲ್ಲೋ ಕೂತ ಮುಖ ಕಾಣದ ಮಂದಿ ಬರೆದು, ಯಾರು ಬೇಕಾದರೂ ಬಳಸಿ ಎಂದು ಅಂತರ್ಜಾಲದಲ್ಲಿ ಬಿಟ್ಟದ್ದು. ಬಳಸುವುದು ಹೇಗೆಂಬ ವಿವರಣೆ, ಎಲ್ಲೆಲ್ಲಿ ಕೈಕೊಡಬಹುದು ಎಂಬ ಎಚ್ಚರಿಕೆ, ಕೇಳಿದವರಿಗೆ ಕೊಟ್ಟ ಉತ್ತರ, ಎಲ್ಲವೂ ಪುಕ್ಕಟೆ. ನನಗೆ ಅನುಮಾನ ಬಂದದ್ದೇ ಅಲ್ಲಿ.

"ಪುಕ್ಕಟೆ ಯಾಕ ಕೊಡ್ತಾರ?" ಎಂದು ಇಮ್ತಿಯಾಜನ ಅಂಗಡಿಯಲ್ಲಿ ಕೇಳಿದೆ. "ಮ್ಯಾಲೆ ಅವರ ಬರದಾರ ನೋಡು, ಯಾವ ಗ್ಯಾರಂಟಿನೂ ಇಲ್ಲ ಅಂತ. ಇದರ ಮ್ಯಾಲೆ ಮಂದಿ ಜೀವ ಇಡಾಕತ್ತಿಯಲ್ಲ?"

ಅವನು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮಿಕ್ಸರನ್ನು ತೋರಿಸಿದ. ಅದು ನಮ್ಮ ಮನೆಯದೇ. "ಇದಕ್ಕ ಗ್ಯಾರಂಟಿ ಕಾರ್ಡ್ ಇತ್ತಲ್ಲ? ಈಗ ಎಲ್ಲೈತಿ ನೋಡು."

ಆದರೆ ನಮ್ಮ ನಿಜವಾದ ಜಗಳ ಬೇರೆ. ಒಂದು ಪೆಟ್ಟಿಗೆಗೆ ಉಳಿದವುಗಳ ಸಂಪರ್ಕ ತಪ್ಪಿದರೆ ಅದು ಏನು ಹೇಳಬೇಕು? ತನ್ನಲ್ಲಿರುವ ಹಳೆಯ ಮಾಹಿತಿಯನ್ನಾದರೂ ತೋರಿಸಲಿ, ಏನೂ ಇಲ್ಲದ್ದಕ್ಕಿಂತ ಅದು ಲೇಸು ಎಂದು ನನ್ನ ವಾದ. ಆ ಮಂದಿ ಬರೆದ ಪ್ರೋಗ್ರಾಂ ಹಾಗೆ ಮಾಡುವುದಿಲ್ಲ. ಗೊತ್ತಿಲ್ಲ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. "ಗೊತ್ತಿಲ್ದಾಗ ಗೊತ್ತಿಲ್ಲ ಅನ್ನೂದ ಚಲೋ" ಎಂದು ಇಮ್ತಿಯಾಜ್. ವಾದದಲ್ಲಿ ಅವನಿಗೆ ನಾನು ಉಸಿರಾಡಲು ಬಿಡಲಿಲ್ಲ. ಕೊನೆಗೆ ಅವನು, "ಆತವ್ವಾ, ನೀನ ಗೆದ್ದಿ. ನಿನ್ನಂಗ ತಿದ್ದಿ ತಗೊಂಬಾ. ಆದರ ಪರೀಕ್ಷಾ ಪಾಸಾಗಬೇಕು" ಎಂದ.

ಪರೀಕ್ಷೆ ಎಂದರೆ ಆ ಮಂದಿಯೇ ಬರೆದಿಟ್ಟ ಇನ್ನೊಂದು ಸಾಧನ. ಅದರ ಕೆಲಸವೇ ಕೆಡಿಸುವುದು. ಯಂತ್ರಗಳ ನಡುವಿನ ಸಂಪರ್ಕವನ್ನು ಬೇಕೆಂದೇ ಕಡಿಯುತ್ತದೆ, ಒಂದನ್ನು ಮಲಗಿಸುತ್ತದೆ, ಇನ್ನೊಂದನ್ನು ಎಬ್ಬಿಸುತ್ತದೆ. ಹೀಗೆ ಕಾಡಿ, ಎಲ್ಲಾದರೂ ಸುಳ್ಳು ಉತ್ತರ ಬಂದರೆ ಹಿಡಿದು ತೋರಿಸುತ್ತದೆ. ನಾನು ತಿದ್ದಿದ್ದನ್ನು ಅದರ ಮುಂದೆ ಇಟ್ಟೆ. ಚಹಾ ಕುಡಿದು ಮುಗಿಸುವುದರೊಳಗೆ ಹಿಡಿಯಿತು. ಪರದೆಯ ಮೇಲೆ ನೀರಸವಾದ ನಾಲ್ಕು ಸಾಲು: ಐದನೆಯ ಯಂತ್ರದ ಸಂಪರ್ಕ ಕಡಿಯಿತು. ಉಳಿದ ನಾಲ್ಕು ಸೇರಿ ಮಾಹಿತಿ ಬದಲಿಸಿದವು. ಐದನೆಯದನ್ನು ಯಾರೋ ಕೇಳಿದರು. ಅದು ಹಳೆಯದನ್ನೇ ಹೇಳಿತು. ಕೆಳಗೆ ಕೆಂಪಕ್ಷರದಲ್ಲಿ, ತಪ್ಪು.

ನಾನು ಸೋಲೊಪ್ಪಲಿಲ್ಲ. "ಇದು ಎಲ್ಲೋ ಕುಂತವರು ಕಟ್ಟಿದ ಕತಿ. ತಂತಿ ಹರಿಯೂದು, ಅದ ಹೊತ್ತಿಗೆ ಔಷಧ ತೀರೂದು, ಅದ ಹೊತ್ತಿಗೆ ಒಬ್ರು ಬಂದು ಕೇಳೂದು. ನಮ್ಮ ತಿಳವಳ್ಳ್ಯಾಗ ಇಷ್ಟೂ ಒಮ್ಮೆಲೆ ಯಾವಾಗ ಆಕ್ಕೈತಿ?"

"ಅಲ್ಲೀತನಕಾ ಇದ್ದಂಗ ಇರ್ಲಿ ಬಿಡು" ಎಂದ ಅವನು. ಚರ್ಚೆ ಅಲ್ಲಿಗೇ ನಿಂತಿತ್ತು, ಪೆಟ್ಟಿಗೆಗಳಲ್ಲಿ ಆ ಮಂದಿಯ ಪ್ರೋಗ್ರಾಂ ಇದ್ದಂತೆಯೇ ಉಳಿದಿತ್ತು.

ಹಬ್ಬದ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ನೋಡಿದ್ದೆ. ದಿನವೂ ನೋಡುವುದು ರೂಢಿ. ಹಾನಗಲ್ಲಿನಲ್ಲಿ ಔಷಧ ಇತ್ತು. ಹಿರೇಕೆರೂರಿನಲ್ಲಿ ಖಾಲಿ. ಆಮೇಲೆ ಗಾಳಿಮಳೆ ಹೊಡೆಯಿತು. ಕರೆಂಟು ಹೋಯಿತು, ಎಲ್ಲೋ ಕೇಬಲ್ ಹರಿದು ಇಂಟರ್ನೆಟ್ ನಿಂತಿತು, ಮೊಬೈಲಿನ ಸಿಗ್ನಲ್ಲೂ ಮಾಯವಾಯಿತು.

ಮಳೆ ನಿಂತ ಮೇಲೆ ಅತ್ತಿ ದನಕ್ಕೆ ಕಣಕಿ ಹಾಕಲು ಹಿತ್ತಲಿನ ಮೇವಿನ ಬಣವಿಗೆ ಹೋದಳು. ಸ್ವಲ್ಪ ಹೊತ್ತಿಗೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಕೂಗಲಿಲ್ಲ, ಅಳಲಿಲ್ಲ. "ಕೊಳಕಮಂಡಲ ಹಾವು. ನಾ ನೋಡೇನಿ" ಎಂದಳು. ಮುಂಗೈ ಮೇಲೆ ಎರಡು ರಕ್ತದ ಚುಕ್ಕಿ.

ಪಕ್ಕದ ಮನೆಯ ಗುರುಸಿದ್ದ ತನ್ನ ಮೂರು ಗಾಲಿಯ ಟಂಟಂ ತಂದು ಬಾಗಿಲಿಗೆ ನಿಲ್ಲಿಸಿದ. ಯಾರೋ ಹಗ್ಗ ಬಿಗಿಯಲು ಬಂದರು, ಬೇಡವೆಂದೆ. ಕೈ ಅಲುಗದಂತೆ ಹಲಗೆಯ ಮೇಲಿಟ್ಟು ಬಟ್ಟೆ ಸುತ್ತಿದೆವು. ಅಷ್ಟರಲ್ಲೇ ಬೆರಳು ಊದತೊಡಗಿದ್ದವು.

"ಎತ್ತಾಗ ಹೊಡೀಲಿ?" ಎಂದು ಗುರುಸಿದ್ದ ಕೇಳಿದ. "ಹಾನಗಲ್ಲೋ, ಹಿರೇಕೆರೂರೋ?"

ತಿಳವಳ್ಳಿಯಿಂದ ಎರಡೂ ಒಂದೊಂದು ದಿಕ್ಕು. ಒಂದಕ್ಕೆ ಹೋಗಿ ಔಷಧ ಸಿಗದಿದ್ದರೆ ಬಂದ ದಾರಿಯಲ್ಲೇ ತಿರುಗಿ ಇನ್ನೊಂದಕ್ಕೆ ಓಡಬೇಕು. ಅಷ್ಟು ಹೊತ್ತು ಅತ್ತಿಯ ಮೈಯಲ್ಲಿ ವಿಷ ಏರುತ್ತಿರುತ್ತದೆ. ಇನ್ವರ್ಟರ್ ಇದ್ದುದರಿಂದ ಪೆಟ್ಟಿಗೆಗೆ ಜೀವವಿತ್ತು, ಮನೆಯೊಳಗಿನ ವೈಫೈಯಲ್ಲಿ ನನ್ನ ಮೊಬೈಲು ಅದನ್ನು ಮುಟ್ಟುತ್ತಿತ್ತು. ಒತ್ತಿದೆ. ಪರದೆಯ ಮೇಲೆ ಬಂತು: 'ಉಳಿದವರ ಸಂಪರ್ಕವಿಲ್ಲ. ಈಗಿನ ಸ್ಥಿತಿ ಗೊತ್ತಿಲ್ಲ.'

"ಏನಂತೈತಿ ನಿನ್ನ ಪೆಟಿಗಿ?" ಎಂದು ಮಾವ ಕೇಳಿದ.

"ಗೊತ್ತಿಲ್ಲ ಅಂತೈತಿ."

"ಗೊತ್ತಿಲ್ಲ ಅನ್ನಾಕ ಪೆಟಿಗಿ ಯಾಕ ಬೇಕಾಗಿತ್ತು? ಅಷ್ಟು ನಾನೂ ಅಂತಿದ್ದೆ."

ನನಗೆ ಸಿಟ್ಟು ಬಂತು. ಹಾನಗಲ್ಲಿಗೆ ಹೋಗೋಣ ಎನ್ನುವ ಮಾತು ತುಟಿಯ ಮೇಲಿತ್ತು. ಅದಕ್ಕೆ ಕಾರಣಗಳೂ ತಯಾರಿದ್ದವು: ಔಷಧ ಇದ್ದುದನ್ನು ಬೆಳಿಗ್ಗೆ ನಾನೇ ನೋಡಿದ್ದೇನೆ, ಅದು ನನ್ನೂರು, ಅಲ್ಲಿನ ಡಾಕ್ಟರು ಪರಿಚಯದವರು. ಯಾವ ತೀರ್ಪುಗಾರನೂ ನನ್ನ ಪರವಾಗಿಯೇ ಅಂಕ ಕೊಡುತ್ತಿದ್ದ. ಬಾಯಿ ತೆರೆದೆ. ಆಗ ಆ ನಾಲ್ಕು ಸಾಲು ಕಣ್ಣ ಮುಂದೆ ನಿಂತವು. ಐದನೆಯ ಯಂತ್ರದ ಸಂಪರ್ಕ ಕಡಿಯಿತು: ಹೌದು, ಕಡಿದಿದೆ. ಐದನೆಯದನ್ನು ಯಾರೋ ಕೇಳಿದರು: ಆ 'ಯಾರೋ' ನಾನು, ಕೇಳಿ ಇನ್ನೂ ಮೊಬೈಲು ಹಿಡಿದು ನಿಂತಿದ್ದೇನೆ. ನಡುವಿನ ಎರಡನೆಯ ಸಾಲು, ಉಳಿದವು ಮಾಹಿತಿ ಬದಲಿಸಿದ್ದು, ನಡೆದಿದೆಯೋ ಇಲ್ಲವೋ, ಅದೊಂದೇ ನನಗೆ ತಿಳಿಯದ್ದು. ನನ್ನ ತಲೆಯಲ್ಲಿದ್ದ ಬೆಳಗಿನ ಮಾಹಿತಿಗೂ ಪೆಟ್ಟಿಗೆಯೊಳಗಿದ್ದ ಹಳೆಯ ಮಾಹಿತಿಗೂ ಏನು ವ್ಯತ್ಯಾಸ? ಪೆಟ್ಟಿಗೆ ಅದನ್ನು ಹೇಳಲು ಒಪ್ಪಿರಲಿಲ್ಲ. ನಾನು ಹೇಳಲು ಹೊರಟಿದ್ದೆ.

"ನನಗೂ ಗೊತ್ತಿಲ್ಲ" ಎಂದೆ. "ಗುರುಸಿದ್ದಣ್ಣ, ನಿನ್ನ ಫೋನಿಗೆ ಎಲ್ಲಿ ಸಿಗ್ನಲ್ ಹತ್ತತೈತಿ?"

"ಊರ ಹೊರಗ ದಿಬ್ಬದ ಮ್ಯಾಲೆ ಹತ್ತತೈತಿ. ನಂದು ಬ್ಯಾರೆ ಕಂಪನಿ ಸಿಮ್ಮು."

"ಮೊದ್ಲ ಅಲ್ಲಿಗೆ ಹೊಡಿ."

"ಹೊತ್ತು ಹೋಗಾಕತ್ತೈತಿ" ಎಂದು ಮಾವ ರೇಗಿದ. ಟಂಟಂನಲ್ಲಿ ಅತ್ತಿ ನನ್ನ ಭುಜಕ್ಕೆ ಒರಗಿ, "ವಕೀಲ್ರು ಏನೋ ವಿಚಾರ ಮಾಡ್ಯಾರ. ಸುಮ್ಮಕಿರ್ರಿ" ಎಂದಳು. ಅವಳ ತುಟಿ ಒಣಗಿತ್ತು. ಆ ದಿಬ್ಬದ ತನಕದ ದಾರಿಯಷ್ಟು ಉದ್ದದ ದಾರಿಯನ್ನು ನಾನು ಇದುವರೆಗೆ ತುಳಿದಿಲ್ಲ. ಹಾನಗಲ್ಲಿನಲ್ಲಿ ಔಷಧ ಇದ್ದೇ ಇದ್ದರೆ, ನಾನು ವ್ಯರ್ಥ ಮಾಡುತ್ತಿದ್ದುದು ಅತ್ತಿಯ ಹೊತ್ತನ್ನು.

ದಿಬ್ಬದ ಮೇಲೆ ಸಿಗ್ನಲ್ ಹತ್ತಿತು. ಗುರುಸಿದ್ದನ ಫೋನಿನಿಂದ ಇಮ್ತಿಯಾಜನಿಗೆ ಹಚ್ಚಿದೆ, ಎತ್ತಿದ. ಅತ್ತಿಗೆ ಹಾವು ಕಚ್ಚಿದೆ, ದಿಬ್ಬದಲ್ಲಿದ್ದೇವೆ ಎಂದೆ. ಅವನು ಮರುಪ್ರಶ್ನೆ ಹಾಕಲಿಲ್ಲ. ಶಿಗ್ಗಾವಿಯ ಪೆಟ್ಟಿಗೆಯನ್ನು ನೋಡಿ ಹೇಳಿದ: "ಹಾನಗಲ್ಲಿಗೆ ಹೋಗಬ್ಯಾಡ. ಮಳಿ ಹೊತ್ತಿನ್ಯಾಗ ಅಲ್ಲಿ ಮತ್ಯಾರಿಗೋ ಕಚ್ಚಿ ಇದ್ದದ್ದನ್ನೆಲ್ಲಾ ಹಾಕ್ಯಾರ. ಹಿರೇಕೆರೂರಿಗೆ ಆಮ್ಯಾಲೆ ಹೊಸಾದು ಬಂದೈತಿ. ಅಲ್ಲಿಗೆ ನಡಿ, ನಾ ಡಾಕ್ಟರ್‌ಗೆ ಹೇಳ್ತೇನಿ."

ಆ ಹೊತ್ತಿನಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಖರೇನ? ಎಷ್ಟು ಒಪ್ಯಾವ?"

"ನಾಕೂ ಒಪ್ಯಾವ, ನಿಂದೊಂದು ಬಿಟ್ಟು. ಹೋಗ ಮಾರಾಯ್ತಿ."

ಹಿರೇಕೆರೂರು ಮುಟ್ಟುವಾಗ ಬಾವು ಮೊಣಕೈ ದಾಟಿತ್ತು, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಆಸ್ಪತ್ರೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ಔಷಧ ಏರಿಸಿದರು. ಮಾವ ಹೊರಗಿನ ಬೆಂಚಿನ ಮೇಲೆ ಟವೆಲ್ ಹಿಂಡುತ್ತ ಕೂತಿದ್ದ. ಬಹಳ ಹೊತ್ತಿನ ಮೇಲೆ ಡಾಕ್ಟರು ಬಂದು, ರಕ್ತ ಮತ್ತೆ ಹೆಪ್ಪುಗಟ್ಟತೊಡಗಿದೆ, ಇನ್ನು ಹೆದರಿಕೆ ಇಲ್ಲ ಎಂದರು. "ಇನ್ನೊಂದೂರು ಸುತ್ತಿ ಬಂದಿದ್ರ ನಾನು ಈ ಮಾತು ಹೇಳ್ತಿದ್ದಿಲ್ಲ" ಎಂದೂ ಸೇರಿಸಿದರು.

ಮಾವ ನನ್ನ ಕಡೆ ತಿರುಗಿದ. ನನ್ನ ತಲೆಯ ಮೇಲೆ ಕೈ ಇಟ್ಟ.

ಇದನ್ನು ಪವಾಡ ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಪೆಟ್ಟಿಗೆ ಅತ್ತಿಯನ್ನು ಉಳಿಸಲಿಲ್ಲ. ಉಳಿಸಿದ್ದು ಔಷಧ, ಡಾಕ್ಟರು, ಗುರುಸಿದ್ದನ ಟಂಟಂ. ಪೆಟ್ಟಿಗೆ ಮಾಡಿದ್ದು ಒಂದೇ. ತನಗೆ ತಿಳಿಯದ್ದನ್ನು ತಿಳಿದಿದೆ ಎನ್ನಲಿಲ್ಲ. ಆದರೆ ನನ್ನನ್ನು ಬೆರಗುಗೊಳಿಸುವುದು ಬೇರೆಯದು. ತಿಳವಳ್ಳಿಯ ಹೆಸರನ್ನೇ ಕೇಳದ, ನಮ್ಮ ಬಣವಿ, ನಮ್ಮ ಮಳೆ, ನಮ್ಮ ಹಾವು ಯಾವುದನ್ನೂ ಕಾಣದ ಮಂದಿ, ಎಂದೋ ಎಲ್ಲೋ ಕೂತು ಅತ್ತಿಯ ಆ ದಿನವನ್ನು ಮೊದಲೇ ಯೋಚಿಸಿಟ್ಟಿದ್ದರು. ಹೀಗೂ ಆಗಬಹುದು, ಆಗ ಯಾರಿಗೂ ಸುಳ್ಳು ಹೇಳಬಾರದು ಎಂದು ತಲೆ ಕೆಡಿಸಿಕೊಂಡಿದ್ದರು.

ಮರುದಿನ ಕೇಬಲ್ ಜೋಡಿಸಿದರು. ನಾನು ಪೆಟ್ಟಿಗೆಯ ಮುಂದೆ ಕೂತು ನೋಡಿದೆ. ಸಂಪರ್ಕ ಬಂದೊಡನೆ ಅದು ಉಳಿದ ನಾಲ್ಕನ್ನೂ, ತಾನಿಲ್ಲದಾಗ ಏನಾಯಿತು ಎಂದು ಕೇಳಿತು. ಹಾನಗಲ್ಲಿನಲ್ಲಿ ತೀರಿದ್ದು, ಹಿರೇಕೆರೂರಿಗೆ ಬಂದದ್ದು, ಅತ್ತಿಗೆ ಬಳಸಿದ್ದು, ಒಂದೊಂದನ್ನೂ ಕ್ರಮವಾಗಿ ಬರೆದುಕೊಂಡು ಎಲ್ಲರೊಂದಿಗೆ ಒಂದಾಯಿತು.

ಆಮೇಲೆ ಆ ಪರೀಕ್ಷಾ ಸಾಧನ ಬರೆದವರ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ. ಸಾಮಾನ್ಯವಾಗಿ ಅಲ್ಲಿ ಬರೆಯುವುದು ದೂರು. ನಾನೂ ಅಲ್ಲಿಯತನಕ ಅದನ್ನೇ ಬರೆದವಳು. ಕೆಲವು ದಿನ ಬಿಟ್ಟು ಯಾರೋ ಒಬ್ಬರು ಉತ್ತರಿಸಿದರು. ಗಂಡೋ ಹೆಣ್ಣೋ, ಯಾವ ದೇಶವೋ ತಿಳಿಯದು. ತಮ್ಮ ಸಾಧನದ ಬಗ್ಗೆ ಒಂದಕ್ಷರವಿಲ್ಲ. ಒಂದೇ ಸಾಲಿತ್ತು: ನಿಮ್ಮ ಅತ್ತೆ ಈಗ ಹೇಗಿದ್ದಾರೆ?

ಅದನ್ನು ಅತ್ತಿಗೆ ಓದಿ ಹೇಳಿದೆ. ಅವಳು ಒಲೆಯ ಮುಂದಿದ್ದಳು. "ಯಾರವರು?" ಎಂದಳು.

"ಗೊತ್ತಿಲ್ಲ ಅತ್ತಿ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ, "ಕೈ ಬಾವು ಇಳದೈತಿ, ರೊಟ್ಟಿ ಬಡಿಯಾಕತ್ತೇನಿ ಅಂತ ಹೇಳು. ಇತ್ತಾಗ ಬಂದ್ರ ಉಂಡು ಹೋಗಬೇಕಂತ, ಅದನ್ನೂ ಬರಿ" ಎಂದಳು.

ಅಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಅವಳು ಹೇಳಿದಷ್ಟನ್ನೂ ಬರೆದು ಕಳಿಸಿದೆ.